ಹಳೇ ಕಲರ್ ಎನ್‌ಲಾರ್ಜರ್‌ನ ಹೀಟ್ ಫಿಲ್ಟರ್ ಬದಲಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತುಮಕೂರಿನ ಹಳೇ ಸ್ಟುಡಿಯೋಗಳ ಅಟ್ಟದ ಮೇಲೆ ಕಲರ್ ಎನ್‌ಲಾರ್ಜರ್‌ಗಳು, ಅಂದರೆ ಫಿಲ್ಮ್ ನೆಗೆಟಿವ್‌ನಿಂದ ಪೇಪರ್ ಮೇಲೆ ದೊಡ್ಡ ಕಲರ್ ಪ್ರಿಂಟ್ ಮಾಡುವ ಯಂತ್ರಗಳು, ಇವತ್ತಿಗೂ ಸಿಗುತ್ತವೆ. ಡಿಜಿಟಲ್ ಬಂದ ಮೇಲೆ ಬಟ್ಟೆ ಮುಚ್ಚಿ ಮೂಲೆಗೆ ತಳ್ಳಿದ್ದವು. ಡರ್ಸ್ಟ್, ಮಿಯೋಪ್ಟಾ, ಬೆಸ್ಲರ್, ಎಲ್‌ಪಿಎಲ್, ಯಾವ ಕಂಪನಿಯದ್ದಾದರೂ ಇರಬಹುದು. ಕೊಳ್ಳುವವರು ಲೆನ್ಸ್‌ನಲ್ಲಿ ಫಂಗಸ್ ಇದೆಯಾ ನೋಡುತ್ತಾರೆ, ಬೆಲ್ಲೋಸ್ (ಲೆನ್ಸ್ ಹಿಂದಿನ ಮಡಿಕೆ ಚೀಲ) ಹರಿದಿದೆಯಾ ನೋಡುತ್ತಾರೆ, ಕಂಬ ಅಲ್ಲಾಡಿಸಿ ನೋಡುತ್ತಾರೆ, ಬಲ್ಬ್ ಹತ್ತಿದರೆ ಖುಷಿಯಾಗಿ ದುಡ್ಡು ಕೊಟ್ಟು ಹೊತ್ತುಕೊಂಡು ಬರುತ್ತಾರೆ. ಹೆಡ್ (ಬಲ್ಬ್ ಇರುವ ಮೇಲಿನ ಪೆಟ್ಟಿಗೆ) ಒಳಗಿರುವ ಹೀಟ್ ಫಿಲ್ಟರ್ ಕಡೆ ಮಾತ್ರ ಗಮನ ಹೋಗುವುದಿಲ್ಲ. ನನ್ನ ಕೈಗೆ ಬಂದ ಹಳೇ ಹೆಡ್‌ಗಳಲ್ಲಿ ಜಾಸ್ತಿ ಕೆಟ್ಟಿರುವುದು ಅದೇ.

ಅದು ಮಾಡುವ ಕೆಲಸ ದೊಡ್ಡದು. ಹ್ಯಾಲೋಜನ್ ಬಲ್ಬ್ ತೆಗೆದುಕೊಳ್ಳುವ ಕರೆಂಟಿನಲ್ಲಿ ಕಣ್ಣಿಗೆ ಕಾಣುವ ಬೆಳಕಾಗಿ ಬರುವುದು ಚೂರೇ ಚೂರು. ಉಳಿದದ್ದೆಲ್ಲ ಶಾಖ, ಅದರಲ್ಲೂ ಬಹುಪಾಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ. ಆ ಕಿರಣ ಬಲ್ಬಿನಿಂದ ನೇರವಾಗಿ ಹೊರಟು ಕಲರ್ ಫಿಲ್ಟರ್ ದಾಟಿ, ಬೆಳಕು ಬೆರೆಸುವ ಬಿಳಿ ಪೆಟ್ಟಿಗೆ ದಾಟಿ, ನೆಗೆಟಿವ್ ಮೇಲೆ ಬೀಳುತ್ತದೆ. ಹೀಟ್ ಫಿಲ್ಟರ್ ಅದನ್ನು ದಾರಿಯಲ್ಲೇ ತಡೆಯುತ್ತದೆ.

ಕೆಟ್ಟಿದ್ದರೆ ಪ್ರಿಂಟ್ ನೋಡಿ ಗೊತ್ತಾಗುತ್ತದೆ ಅಂದುಕೊಳ್ಳಬೇಡಿ. ಕಲರ್ ಹೆಡ್‌ನಲ್ಲಿ ಬೆಳಕು ಪೆಟ್ಟಿಗೆಯೊಳಗೆ ಹತ್ತಾರು ಸಲ ಪುಟಿದು ಬೆರೆತು ಬರುತ್ತದೆ. ಹಾಗಾಗಿ ಫಿಲ್ಟರ್ ಎರಡು ಹೋಳಾಗಿದ್ದರೂ ಪ್ರಿಂಟ್ ಮೇಲೆ ಗೆರೆ ಬೀಳುವುದಿಲ್ಲ. ಹಳೇ ಮಾಲೀಕರಿಗೆ ಗೊತ್ತೇ ಆಗದೆ ವರ್ಷಗಟ್ಟಲೆ ಓಡಿರುತ್ತದೆ.

ಗುರುತು ಬೇರೆ ಇವೆ. ಹೆಡ್‌ನಿಂದ ಬಿಸಿ ಪ್ಲಾಸ್ಟಿಕ್ ವಾಸನೆ ಬರುವುದು. ಬೆಳಕಿನ ಪೆಟ್ಟಿಗೆಯ ಒಳಮೈ ಬಲ್ಬಿನ ಕಡೆಗೆ ಹಳದಿ ಇಲ್ಲವೇ ಕಂದು ಆಗಿರುವುದು. ಹೆಡ್ ಅಲ್ಲಾಡಿಸಿದರೆ ಒಳಗೆ ಚಿಲಿಚಿಲಿ ಗಾಜಿನ ಸದ್ದು. ಎಲ್ಲಕ್ಕಿಂತ ಮುಖ್ಯವಾದದ್ದು ನೆಗೆಟಿವ್ ಉಬ್ಬುವುದು. ಈಸಲ್ (ಪೇಪರ್ ಇಡುವ ಚೌಕಟ್ಟು) ಮೇಲೆ ಗ್ರೇನ್ ಫೋಕಸರ್ (ಫೋಕಸ್ ನೋಡುವ ಭೂತಗನ್ನಡಿ) ಇಟ್ಟು, ಲೆನ್ಸ್ ಪೂರ್ತಿ ತೆರೆದು, ಬಲ್ಬ್ ಹಾಕಿ ನೋಡುತ್ತಾ ಇರಿ. ಮೊದಲು ಗ್ರೇನ್, ಅಂದರೆ ಫಿಲ್ಮಿನ ಸಣ್ಣ ಕಣಗಳು, ಚೂಪಾಗಿ ಕಾಣುತ್ತವೆ. ಸ್ವಲ್ಪ ಹೊತ್ತಿಗೆ ಮಧ್ಯದ ಭಾಗ ಮೆಲ್ಲಗೆ ಮಸುಕಾಗುತ್ತದೆ, ಅಂಚಿನ ಕಡೆ ಹಾಗೇ ಚೂಪಾಗಿ ಉಳಿಯುತ್ತದೆ. ಫಿಲ್ಮ್ ಬಿಸಿಯಾಗಿ ಹೊಟ್ಟೆ ಉಬ್ಬಿಸಿದೆ ಅಂತ ಅರ್ಥ. ಗಾಜಿಲ್ಲದ ಕ್ಯಾರಿಯರ್‌ನಲ್ಲಿ (ನೆಗೆಟಿವ್ ಹಿಡಿಯುವ ಚೌಕಟ್ಟು) ಒಳ್ಳೇ ಫಿಲ್ಟರ್ ಇದ್ದರೂ ಅಲ್ಪಸ್ವಲ್ಪ ಉಬ್ಬುವುದು ಸಹಜ. ಆದರೆ ಮಾಮೂಲಿ ಎಕ್ಸ್‌ಪೋಷರ್ ಮುಗಿಯುವಷ್ಟರಲ್ಲೇ ಕಣ್ಣಿಗೆ ರಾಚುವ ಹಾಗೆ ಫೋಕಸ್ ಹೋದರೆ ಹೆಡ್ ಬಿಚ್ಚಲೇಬೇಕು.

ಬಿಚ್ಚುವ ಮೊದಲು

ಚೆನ್ನಾಗಿ ಗೊತ್ತಿರುವ ಒಂದು ಕಲರ್ ನೆಗೆಟಿವ್ ತೆಗೆದುಕೊಂಡು ಈಗಿರುವ ಸ್ಥಿತಿಯಲ್ಲೇ ಒಂದು ಪ್ರಿಂಟ್ ಮಾಡಿ ಇಟ್ಟುಕೊಳ್ಳಿ. ಮುಖದ ಬಣ್ಣ ಮತ್ತು ಒಂದು ಬೂದು ಜಾಗ, ಎರಡೂ ಇರುವ ನೆಗೆಟಿವ್ ಆದರೆ ಉತ್ತಮ. ಪ್ರಿಂಟ್ ಹಿಂದೆ ಪೆನ್ಸಿಲ್‌ನಲ್ಲಿ ಹೆಡ್‌ನ ಕಲರ್ ಫಿಲ್ಟರ್ ಡಯಲ್‌ಗಳ ಯೆಲ್ಲೋ, ಮೆಜೆಂಟಾ ಅಂಕಿ, ಲೆನ್ಸ್ ಸ್ಟಾಪ್ (ಲೆನ್ಸ್ ಎಷ್ಟು ತೆರೆದಿದೆ), ಸೆಕೆಂಡ್ ಬರೆದಿಡಿ. ಹೊಸ ಗಾಜು ಬಂದ ಮೇಲೆ ಬಣ್ಣ ಬದಲಾಗುತ್ತದೆ. ಹೋಲಿಸಲು ಈ ಪ್ರಿಂಟ್ ಇಲ್ಲದಿದ್ದರೆ ದುಬಾರಿ ಪೇಪರ್ ಸುಮ್ನೆ ಹಾಳು. ಗಾಜು ಒಡೆದು ಚೂರಾಗಿದ್ದರೆ ಮಾತ್ರ ಈ ಪ್ರಿಂಟ್ ಬಿಟ್ಟುಬಿಡಿ, ನೆಗೆಟಿವ್ ಸುಡಬಾರದು.

ಆಮೇಲೆ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಗೋಡೆಯಿಂದ ಪೂರ್ತಿ ಕೀಳಿ. ಅರ್ಧ ಗಂಟೆ ತಣ್ಣಗಾಗಲು ಬಿಡಿ. ಬಲ್ಬಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಡಬ್ಬಿಯನ್ನು ಬಿಚ್ಚುವ ಕೆಲಸ ಇಲ್ಲಿಲ್ಲ. ಅದರ ಒಳಗಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಹೊಡೆಯಬಹುದು, ಮುಟ್ಟಬೇಡಿ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ: ಸ್ಕ್ರೂ ಡ್ರೈವರ್, ವರ್ನಿಯರ್ ಕ್ಯಾಲಿಪರ್, ಮಾಸ್ಕಿಂಗ್ ಟೇಪ್, ಹತ್ತಿಯ ಕೈಗವಸು, ಕಣ್ಣಿಗೆ ಕನ್ನಡಕ, ಮೆದು ಬ್ರಷ್, ಐಸೋಪ್ರೊಪೈಲ್ ಆಲ್ಕೊಹಾಲ್, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್, ಒಂದು ಅಗರಬತ್ತಿ. ಅಗರಬತ್ತಿ ಯಾಕೆ ಅಂತ ಮುಂದೆ ಹೇಳುತ್ತೇನೆ.

ಬಿಚ್ಚುವುದು

ಹೆಡ್ ಮೇಲಿನ ಮುಚ್ಚಳ ತೆಗೆದರೆ ಬಲ್ಬ್ ಕಾಣುತ್ತದೆ. ಒಂದೊಂದು ಸ್ಕ್ರೂ ತೆಗೆಯುವ ಮೊದಲು ಫೋನಲ್ಲಿ ಫೋಟೋ ತೆಗೆಯಿರಿ. ಬಲ್ಬನ್ನು ಕೈಗವಸು ಹಾಕಿಕೊಂಡೇ ಹೊರಗೆ ತೆಗೆಯಿರಿ. ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡು ಬಲ್ಬಿನ ಗಾಜಿಗೆ ಅಂಟಿ, ಉರಿಯುವಾಗ ಅಲ್ಲೇ ಸುಟ್ಟು, ಬಲ್ಬ್ ಬೇಗ ಹೋಗುತ್ತದೆ.

ಬಲ್ಬಿಗೂ ಕಲರ್ ಫಿಲ್ಟರ್‌ಗಳಿಗೂ ನಡುವೆ, ತಗಡಿನ ಚೌಕಟ್ಟಿನಲ್ಲಿ ಸ್ಪ್ರಿಂಗ್ ಪಟ್ಟಿ ಹಿಡಿದಿರುವ ಗಾಜಿನ ತುಂಡೇ ಹೀಟ್ ಫಿಲ್ಟರ್. ಕೆಲವು ಹೆಡ್‌ಗಳಲ್ಲಿ ಎರಡು ಗಾಜು ಇರುತ್ತವೆ. ಒಂದು ಶಾಖಕ್ಕೆ, ಇನ್ನೊಂದು ಅಲ್ಟ್ರಾವಯಲೆಟ್ ತಡೆಯಲು. ಯಾವುದು ಬಲ್ಬಿನ ಕಡೆ ಇತ್ತು, ಯಾವ ಮುಖ ಮೇಲಿತ್ತು ಅನ್ನುವುದನ್ನು ಅಂಚಿನಲ್ಲಿ ಸಣ್ಣ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಮಾಡಿ. ಕಲರ್ ಫಿಲ್ಟರ್‌ಗಳನ್ನು ಮಾತ್ರ ಮುಟ್ಟಬೇಡಿ. ಡಯಲ್‌ಗಳನ್ನು ಸೊನ್ನೆಗೆ ತಿರುಗಿಸಿದರೆ ಅವು ದಾರಿಯಿಂದ ಆಚೆ ಸರಿದು ನಿಲ್ಲುತ್ತವೆ, ಕೆಲಸ ಮುಗಿಯುವ ತನಕ ಅಲ್ಲೇ ಇರಲಿ.

ಗಾಜು ಬಿರುಕು ಬಿಟ್ಟಿದ್ದರೆ ಹಾಗೇ ಎಳೆಯಬೇಡಿ. ಮೇಲೆ ಮಾಸ್ಕಿಂಗ್ ಟೇಪ್ ಅಡ್ಡಡ್ಡ ಅಂಟಿಸಿ, ತುಂಡುಗಳೆಲ್ಲ ಒಂದಕ್ಕೊಂದು ಹಿಡಿದುಕೊಂಡ ಮೇಲೆ ಸ್ಪ್ರಿಂಗ್ ಸರಿಸಿ ಚೌಕಟ್ಟಿನ ಸಮೇತ ಎತ್ತಿ. ಒಂದು ಚೂರು ಕೆಳಗೆ ಬಿದ್ದರೂ ಅದು ಕಲರ್ ಫಿಲ್ಟರ್ ಓಡಾಡುವ ಸಂದಿಗೆ ಹೋಗಿ ಕೂರುತ್ತದೆ, ಮುಂದಿನ ಸಲ ಡಯಲ್ ತಿರುಗಿಸಿದಾಗ ಡೈಕ್ರೋಯಿಕ್ ಲೇಪವನ್ನು (ಬೆಳಕಿನ ಒಂದು ಭಾಗವನ್ನು ದಾಟಲು ಬಿಟ್ಟು ಉಳಿದದ್ದನ್ನು ವಾಪಸ್ ತಳ್ಳುವ ತೆಳು ಪದರ) ಗೀರಿಕೊಂಡೇ ಹೋಗುತ್ತದೆ. ಆ ಫಿಲ್ಟರ್ ಬಿಡಿಯಾಗಿ ಸಿಗುವುದು ಬಹಳ ಕಷ್ಟ. ಸಣ್ಣ ಚೂರುಗಳನ್ನು ಟೇಪಿನ ಅಂಟು ಮುಖದಿಂದ ಒತ್ತಿ ಎತ್ತಿ. ಬಾಯಲ್ಲಿ ಊದಬೇಡಿ.

ಊದಬೇಡಿ ಅನ್ನಲು ಇನ್ನೊಂದು ಕಾರಣವೂ ಇದೆ. ತುಂಬಾ ಹಳೇ ಯಂತ್ರಗಳಲ್ಲಿ ಬಲ್ಬ್ ಹೋಲ್ಡರ್ ಸುತ್ತ ಬೂದು ಬಣ್ಣದ ನಾರಿನ ಹಾಳೆ ಇಲ್ಲವೇ ತಂತಿಗೆ ನಾರಿನ ಕೊಳವೆ ಇದ್ದರೆ ಅದು ಆಸ್ಬೆಸ್ಟಾಸ್ ಇರಬಹುದು. ಅಂಥದ್ದು ಕಂಡರೆ ಕೆರೆಯಬೇಡಿ, ಉಜ್ಜಬೇಡಿ, ಪುಡಿ ಉದುರುತ್ತಿದ್ದರೆ ಆ ಹೆಡ್ ಸಹವಾಸವೇ ಬೇಡ.

ಇದು ಯಾವ ಗಾಜು?

ಹೀಟ್ ಫಿಲ್ಟರ್‌ನಲ್ಲಿ ಎರಡು ಜಾತಿ. ಮೊದಲನೆಯದು ಶಾಖವನ್ನು ತಾನೇ ಹೀರಿಕೊಳ್ಳುವ ಗಾಜು. ಜರ್ಮನಿಯ ಶಾಟ್ ಕಂಪನಿಯ ಕೆಜಿ1, ಕೆಜಿ3, ಕೆಜಿ5 ಈ ಜಾತಿಯವು. ಬಿಳಿ ಹಾಳೆ ಮೇಲಿಟ್ಟರೆ ತೆಳು ಹಸಿರು ಛಾಯೆ ಕಾಣುತ್ತದೆ, ಅಂಚಿನಿಂದ ನೋಡಿದರೆ ಹಸಿರು ಇನ್ನೂ ಗಾಢ. ಎರಡನೆಯದು ಹಾಟ್ ಮಿರರ್. ಇದರ ಒಂದು ಮುಖಕ್ಕೆ ತೆಳುವಾದ ಲೇಪ ಇರುತ್ತದೆ, ಅದು ಇನ್‌ಫ್ರಾರೆಡ್ ಅನ್ನು ವಾಪಸ್ ಬಲ್ಬಿನ ಕಡೆ ತಳ್ಳುತ್ತದೆ. ನೇರ ನೋಡಿದರೆ ಹೆಚ್ಚುಕಡಿಮೆ ಬಣ್ಣವಿಲ್ಲದ ಗಾಜು, ಓರೆ ಮಾಡಿದರೆ ಬಣ್ಣ ಬದಲಾಯಿಸುತ್ತದೆ.

ಹಾಟ್ ಮಿರರ್‌ನ ಲೇಪದ ಮುಖ ಯಾವುದು ಅಂತ ತಿಳಿಯಲು ಪೆನ್ಸಿಲ್ ತುದಿಯನ್ನು ಗಾಜಿನ ಹತ್ತಿರ ಹಿಡಿಯಿರಿ. ತುದಿಯೂ ಅದರ ಪ್ರತಿಬಿಂಬದ ತುದಿಯೂ ಒಂದಕ್ಕೊಂದು ತಾಗಿದ ಹಾಗೆ ಕಂಡರೆ ಲೇಪ ಈ ಕಡೆಯೇ ಇದೆ. ನಡುವೆ ಗಾಜಿನ ದಪ್ಪದಷ್ಟು ಸಂದಿ ಕಂಡರೆ ಲೇಪ ಆ ಕಡೆ.

ಗಾಜು ನಿಜವಾಗಿ ಇನ್‌ಫ್ರಾರೆಡ್ ತಡೆಯುತ್ತದಾ ಅಂತ ಮನೆಯಲ್ಲೇ ನೋಡಬಹುದು. ಟಿವಿ ರಿಮೋಟ್ ತೆಗೆದುಕೊಳ್ಳಿ. ಗುಂಡಿ ಒತ್ತಿ ಹಿಡಿದು ಅದರ ಮೂತಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ, ತುದಿಯಲ್ಲಿ ನೇರಳೆ ಬೆಳಕು ಮಿನುಗುತ್ತದೆ. ಕಾಣದಿದ್ದರೆ ಬೇರೆ ಫೋನ್ ಹಿಡಿಯಿರಿ. ಈಗ ಮಧ್ಯೆ ಮಾಮೂಲಿ ಕಿಟಕಿ ಗಾಜು ಹಿಡಿಯಿರಿ, ಬೆಳಕು ಹಾಗೇ ಇರುತ್ತದೆ. ಹೀಟ್ ಫಿಲ್ಟರ್ ಹಿಡಿಯಿರಿ, ಮಾಯವಾಗುತ್ತದೆ ಇಲ್ಲವೇ ತೀರಾ ಮಂಕಾಗುತ್ತದೆ. ಅಂಗಡಿಯವರು ಏನೇ ಹೇಳಲಿ, ಈ ಪರೀಕ್ಷೆ ಮಾಡದೆ ಗಾಜು ಕೊಳ್ಳಬೇಡಿ.

ಗಾಜು ಹುಡುಕುವುದು

ಉದ್ದ, ಅಗಲ, ದಪ್ಪ ಮೂರನ್ನೂ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಅಳತೆ ತೆಗೆಯಬೇಕಾದದ್ದು ಗಾಜಿಗಿಂತ ಮುಖ್ಯವಾಗಿ ಚೌಕಟ್ಟಿನ ಒಳಭಾಗವನ್ನು, ಯಾಕೆಂದರೆ ಹಿಂದಿನವರು ತಪ್ಪು ಅಳತೆಯ ಗಾಜು ತುರುಕಿರಬಹುದು. ದಪ್ಪ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ಒಳಗೆ ಇರುತ್ತದೆ. ಕೆಜಿ ಗಾಜಿನಲ್ಲಿ ದಪ್ಪ ಬಹಳ ಮುಖ್ಯ. ದಪ್ಪ ಹೆಚ್ಚಾದರೆ ಶಾಖ ಜಾಸ್ತಿ ತಡೆಯುತ್ತದೆ ನಿಜ, ಜೊತೆಗೆ ಕಾಣುವ ಕೆಂಪು ಬೆಳಕನ್ನೂ ಸ್ವಲ್ಪ ತಿನ್ನುತ್ತದೆ, ಹಸಿರು ಹೆಚ್ಚುತ್ತದೆ.

ಅಗ್ಗದ ದಾರಿ ಹಳೇ ಸ್ಲೈಡ್ ಪ್ರೊಜೆಕ್ಟರ್. ಶಾಲೆ ಕಾಲೇಜುಗಳು ಗುಜರಿಗೆ ಹಾಕಿದ ಪ್ರೊಜೆಕ್ಟರ್‌ಗಳಲ್ಲಿ ಕಂಡೆನ್ಸರ್ ಲೆನ್ಸ್‌ಗಳ ನಡುವೆ ಇದೇ ಹಸಿರು ಗಾಜು ಇರುತ್ತದೆ. ತುಮಕೂರಿನ ಗುಜರಿಗಳಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ ಕಡೆ ಒಂದು ಸುತ್ತು ಹಾಕಿ, ಎಪ್ಪತ್ತು ಕಿಲೋಮೀಟರ್ ತಾನೆ, ಬೆಳಗಿನ ರೈಲಿಗೆ ಹೋಗಿ ಸಂಜೆ ವಾಪಸ್ ಬರಬಹುದು. ಇನ್ನೊಂದು ದಾರಿ ಆಪ್ಟಿಕಲ್ ಗಾಜು ಮಾರುವವರಿಂದ ಅಳತೆ ಕೊಟ್ಟು ತರಿಸುವುದು. ತರಿಸುವುದಾದರೆ ಅಂಚು ಉಜ್ಜಿದ, ಟೆಂಪರ್ ಮಾಡಿದ (ಕಾಯಿಸಿ ಗಟ್ಟಿ ಮಾಡಿದ) ಗಾಜೇ ಬೇಕು ಅಂತ ಬರೆದು ಕಳಿಸಿ.

ಟೆಂಪರ್ ಆದ ಗಾಜನ್ನು ಕತ್ತರಿಸಲು ಹೋಗಬೇಡಿ, ಪೂರ್ತಿ ಪುಡಿಯಾಗುತ್ತದೆ. ಟೆಂಪರ್ ಆಗದ ಕೆಜಿ ಗಾಜನ್ನು ಫೋಟೋಗೆ ಕಟ್ಟು ಹಾಕುವ ಅಂಗಡಿಯವರು ಕತ್ತರಿಸಿ ಕೊಡುತ್ತಾರೆ. ಆದರೆ ಕತ್ತರಿಸಿದ ಅಂಚು ಹಾಗೇ ಬಿಡಬಾರದು. ಬಿರುಕು ಶುರುವಾಗುವುದೇ ಅಂಚಿನ ಸಣ್ಣ ಚಿಪ್ಪಿನಿಂದ. ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಅಂಚು ಉಜ್ಜುವ, ನೀರು ಹರಿಯುವ ಗ್ರೈಂಡಿಂಗ್ ಚಕ್ರ ಇದ್ದರೆ ಐದು ನಿಮಿಷದ ಕೆಲಸ, ಮುಲಾಜಿಲ್ಲದೆ ಕೇಳಿ. ಇಲ್ಲದಿದ್ದರೆ 400 ನಂಬರಿನ ವಾಟರ್ ಪೇಪರ್ ಮೇಲೆ ನೀರು ಹಾಕಿಕೊಂಡು ನಾಲ್ಕೂ ಅಂಚು, ನಾಲ್ಕೂ ಮೂಲೆ ನಿಧಾನವಾಗಿ ಉಜ್ಜಿ. ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು.

ಬದಲಿಗೆ ಏನೇನೋ ಹಾಕುವವರಿದ್ದಾರೆ. ಕಿಟಕಿ ಗಾಜು ಶಾಖ ತಡೆಯುವುದಿಲ್ಲ. ಕಾರಿನ ಸನ್ ಫಿಲ್ಮ್ ಪ್ಲಾಸ್ಟಿಕ್, ಬಲ್ಬಿನ ಹತ್ತಿರ ಬಾಳುವುದಿಲ್ಲ. ಅಕ್ರಿಲಿಕ್ ಅಂತೂ ಮೆತ್ತಗಾಗಿ ಬಾಗುತ್ತದೆ. ವೆಲ್ಡಿಂಗ್ ಗಾಜಿನಲ್ಲಿ ಬೆಳಕೇ ಬರುವುದಿಲ್ಲ. ಇವು ಯಾವುವೂ ಬೇಡ.

ಹಳೇದು ಒಡೆದದ್ದು ಯಾಕೆ?

ಹೊಸ ಗಾಜು ಕೂರಿಸುವ ಮೊದಲು ಇದಕ್ಕೆ ಉತ್ತರ ಸಿಗಲೇಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದೇ. ಕಾರಣ ಹುಡುಕದೆ ಗಾಜು ಬದಲಿಸಿದರೆ ಅದೂ ಒಡೆಯುತ್ತದೆ.

ಹೀಟ್ ಗ್ಲಾಸ್ ಒಡೆಯುವುದು ಬಿಸಿಯಿಂದಲ್ಲ, ಬಿಸಿಯ ಏರುಪೇರಿನಿಂದ. ಉರಿಯುವ ಲಾಟೀನಿನ ಗಾಜಿಗೆ ನೀರಿನ ಹನಿ ಸಿಡಿದರೆ ಚಟ್ ಅಂತ ಸೀಳುತ್ತದಲ್ಲ, ಹಾಗೇ ಇಲ್ಲೂ. ಮಧ್ಯ ಭಾಗ ಬಿಸಿಯಾಗಿ ಹಿಗ್ಗುತ್ತದೆ, ಅಂಚು ತಗಡಿಗೆ ತಾಗಿ ತಣ್ಣಗಿರುತ್ತದೆ, ಗಾಜು ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಹಿಗ್ಗಲು ಜಾಗವಿರುವುದಿಲ್ಲ. ಹಾಗಾಗಿ ಮೊದಲು ಚೌಕಟ್ಟು ನೋಡಿ. ಸ್ಪ್ರಿಂಗ್ ಪಟ್ಟಿ ಅತಿಯಾಗಿ ಒತ್ತುತ್ತಿದೆಯಾ? ತಗಡು ಬಾಗಿದೆಯಾ? ಯಾರಾದರೂ ಅಂಟು ಹಾಕಿದ್ದಾರಾ? ಇದ್ದರೆ ಅಂಟು ಪೂರ್ತಿ ಕೆರೆದು ತೆಗೆಯಿರಿ.

ಎರಡನೆಯದು ಫ್ಯಾನ್. ಫ್ಯಾನ್ ಇರುವ ಹೆಡ್‌ನಲ್ಲಿ ಅದರ ರೆಕ್ಕೆಗೆ ಮೆತ್ತಿದ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಬಿ.ಎಚ್. ರಸ್ತೆ ಪಕ್ಕದ ಸ್ಟುಡಿಯೋದಿಂದ ಬಂದ ಯಂತ್ರವಾದರೆ ಅಲ್ಲಿ ಒಂದು ಪದರ ಕಂಬಳಿ ಹಾಗೆ ಕೂತಿರುತ್ತದೆ. ಫ್ಯಾನ್ ಅಚ್ಚು ತಿರುಗುವ ಬುಷ್‌ಗೆ ಒಂದೇ ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ, ಜಾಸ್ತಿ ಬಿಟ್ಟರೆ ಸಿಡಿದು ಫಿಲ್ಟರ್ ಮೇಲೆ ಬೀಳುತ್ತದೆ. ಈಗ ಅಗರಬತ್ತಿ. ಮುಚ್ಚಳ ಮುಚ್ಚಿ, ಬಲ್ಬ್ ಇಲ್ಲದೆ ಫ್ಯಾನ್ ಮಾತ್ರ ಓಡಿಸಿ, ಗಾಳಿ ಒಳಗೆ ಹೋಗುವ ಕಿಂಡಿಗಳ ಹತ್ತಿರ ಅಗರಬತ್ತಿ ಹಿಡಿಯಿರಿ. ಹೊಗೆ ಎಳೆದುಕೊಂಡು ಇನ್ನೊಂದು ಕಡೆಯಿಂದ ಹೊರಗೆ ಬರಬೇಕು. ಕಿಂಡಿ ಹತ್ತಿರವೇ ಸುತ್ತುತ್ತಾ ನಿಂತರೆ ದಾರಿ ಎಲ್ಲೋ ಕಟ್ಟಿದೆ.

ಫ್ಯಾನ್ ಹೇಗೆ ಜೋಡಿಸಿದ್ದಾರೆ ಅನ್ನುವುದನ್ನೂ ನೋಡಿ. ಟೈಮರ್ ಬಲ್ಬನ್ನು ಮಾತ್ರ ಹಚ್ಚಿ ಆರಿಸಬೇಕು, ನೀವು ಕೆಲಸಕ್ಕೆ ಕೂತ ಹೊತ್ತಿನಿಂದ ಏಳುವವರೆಗೂ ಫ್ಯಾನ್ ಓಡುತ್ತಲೇ ಇರಬೇಕು. ಕೈ ಬದಲಾದ ಯಂತ್ರಗಳಲ್ಲಿ ಎರಡನ್ನೂ ಟೈಮರ್‌ಗೇ ಸೇರಿಸಿರುವುದು ತುಂಬಾ ಕಡೆ ಕಾಣುತ್ತದೆ. ಆಗ ಪ್ರತಿ ಎಕ್ಸ್‌ಪೋಷರ್ ಮುಗಿದ ಕೂಡಲೇ, ಗಾಜು ಅತಿ ಬಿಸಿ ಇರುವ ಹೊತ್ತಿಗೇ, ಫ್ಯಾನ್ ನಿಂತುಬಿಡುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಫ್ಯಾನ್‌ಗೆ ಬೇರೆ ಲೈನ್ ಕೊಡಿಸಿ.

ಮೂರನೆಯದು ಬಲ್ಬ್. ಹೆಡ್ ಮೇಲಿನ ಫಲಕದಲ್ಲಿ ಬರೆದಿರುವ ವೋಲ್ಟ್, ವ್ಯಾಟ್ ನೋಡಿ. 12 ವೋಲ್ಟ್ 100 ವ್ಯಾಟ್ ಅಂದರೆ ಅಷ್ಟೇ ಹಾಕಬೇಕು. ಇನ್ನೂ ಒಂದು ಸೂಕ್ಷ್ಮ ಇದೆ. ರಿಫ್ಲೆಕ್ಟರ್ ಜೊತೆಗೇ ಬರುವ ಬಲ್ಬ್‌ನಲ್ಲಿ ಆ ಬಟ್ಟಲು ಡೈಕ್ರೋಯಿಕ್ ಆಗಿರಬೇಕು. ಅದು ಬೆಳಕನ್ನು ಮುಂದಕ್ಕೆ ಕಳಿಸಿ ಶಾಖದ ಬಹುಭಾಗವನ್ನು ಹಿಂದಕ್ಕೆ ಬಿಡುತ್ತದೆ. ನೋಡಲು ಅದೇ ಥರ ಇರುವ ಅಲ್ಯೂಮಿನಿಯಂ ಬಟ್ಟಲಿನ ಬಲ್ಬ್ ಶೋಕೇಸ್ ಲೈಟ್‌ಗೆ ಅಂತ ಮಾರುತ್ತಾರೆ. ಅದು ಶಾಖವನ್ನೂ ಮುಂದಕ್ಕೇ ಎಸೆಯುತ್ತದೆ, ಎಷ್ಟು ಒಳ್ಳೇ ಫಿಲ್ಟರ್ ಹಾಕಿದರೂ ಬಾಳುವುದಿಲ್ಲ. ಹತ್ತಿಸಿ ಹಿಂದಿನಿಂದ ನೋಡಿ: ಬಟ್ಟಲಿನ ಮೂಲಕ ಬಣ್ಣದ ಬೆಳಕು ಸೋರುತ್ತಿದ್ದರೆ ಡೈಕ್ರೋಯಿಕ್, ಪೂರ್ತಿ ಕತ್ತಲೆ ಇದ್ದರೆ ಅಲ್ಯೂಮಿನಿಯಂ.

ಕೂರಿಸುವುದು

ಗಾಜನ್ನು ಆಲ್ಕೊಹಾಲ್‌ನಿಂದ ಒರೆಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ, ನೆಟ್ಟಗೆ ನಿಲ್ಲಿಸಿ ಒಣಗಿಸಿ. ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಗಡಸು ನೀರು ಒಣಗಿದರೆ ಬಿಳಿ ಕಲೆ ಬಿಡುತ್ತದೆ, ಬಲ್ಬಿನ ಬಿಸಿಗೆ ಅದು ಗಾಜಿನ ಮೇಲೇ ಬೇಯುತ್ತದೆ. ಇಲ್ಲಿಂದ ಮುಂದೆ ಕೈಗವಸು ಇಲ್ಲದೆ ಮುಟ್ಟಬೇಡಿ.

ಚೌಕಟ್ಟಿನಲ್ಲಿ ಇಟ್ಟಾಗ ಸುತ್ತ ಅರ್ಧದಿಂದ ಒಂದು ಮಿಲಿಮೀಟರ್ ಸಂದಿ ಇರಲಿ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಗಾಜು ಚೂರು ಸರಿಯಬೇಕು, ಹೆಡ್ ಓರೆ ಮಾಡಿದರೆ ಕಳಚಿ ಬೀಳಬಾರದು. ಅಷ್ಟೇ ಬಿಗಿ ಸಾಕು. ಸಿಲಿಕೋನ್, ಫೆವಿಕ್ವಿಕ್ ಯಾವುದೂ ಹಾಕಬೇಡಿ. ಹಾಟ್ ಮಿರರ್ ಆದರೆ ಲೇಪದ ಮುಖ ಬಲ್ಬಿನ ಕಡೆಗೆ. ಜಾಗ ಇದ್ದರೆ ಮೊದಲು ಹಾಟ್ ಮಿರರ್, ಗಾಳಿಗೆ ಸಂದಿ ಬಿಟ್ಟು ಅದರ ಹಿಂದೆ ಕೆಜಿ ಗಾಜು ಹಾಕುವುದು ಇನ್ನೂ ಒಳ್ಳೆಯದು, ಹೆಚ್ಚಿನ ಶಾಖ ಮೊದಲೇ ವಾಪಸ್ ಹೋಗುವುದರಿಂದ ಕೆಜಿ ಗಾಜಿನ ಮೇಲೆ ಹೊರೆ ಕಮ್ಮಿ. ಎರಡನ್ನೂ ಒಂದಕ್ಕೊಂದು ಅಂಟಿಸಿ ಇಡಬೇಡಿ.

ಟೆಂಪರ್ ಆಗದ ಗಾಜೇ ಸಿಕ್ಕಿದ್ದಾದರೆ ಅದನ್ನು ಮೂರು ಪಟ್ಟಿಗಳಾಗಿ ಕತ್ತರಿಸಿ ಪಕ್ಕಪಕ್ಕ ಜೋಡಿಸಬಹುದು. ಪ್ರೊಜೆಕ್ಟರ್ ಮಾಡುವವರು ಮೊದಲಿನಿಂದಲೂ ಬಳಸಿದ ಉಪಾಯ ಇದು. ಸಣ್ಣ ಪಟ್ಟಿ ಅಗಲದ ಕಡೆ ಸಮನಾಗಿ ಬಿಸಿಯಾಗುತ್ತದೆ, ಒಡೆಯುವುದು ಕಮ್ಮಿ. ಬೆಳಕು ಹೇಗೂ ಪೆಟ್ಟಿಗೆಯಲ್ಲಿ ಬೆರೆಯುವುದರಿಂದ ಗೆರೆಯ ಭಯವಿಲ್ಲ. ಅಲ್ಟ್ರಾವಯಲೆಟ್ ಫಿಲ್ಟರ್ ಇದ್ದರೆ ಅದನ್ನು ಮರೆಯದೆ ಮೊದಲಿದ್ದ ಜಾಗದಲ್ಲೇ ಇಡಿ.

ಓಡಿಸಿ ನೋಡುವುದು

ನೆಗೆಟಿವ್ ಇಲ್ಲದೆ ಶುರು ಮಾಡಿ. ಫ್ಯಾನ್ ಹಾಕಿ, ಬಲ್ಬ್ ಒಂದು ನಿಮಿಷ ಹಚ್ಚಿ, ಆರಿಸಿ, ತಣ್ಣಗಾಗಲು ಬಿಡಿ. ಆಮೇಲೆ ಐದು ನಿಮಿಷ. ಟಕ್ ಅನ್ನುವ ಸದ್ದು ಬಂದರೆ ನಿಲ್ಲಿಸಿ, ತಣ್ಣಗಾದ ಮೇಲೆ ತೆಗೆದು ನೋಡಿ. ಎಲ್ಲ ಸರಿ ಇದ್ದರೆ ಬೇಡದ ನೆಗೆಟಿವ್ ಒಂದನ್ನು ಹಾಕಿ ಗ್ರೇನ್ ಫೋಕಸರ್‌ನಲ್ಲಿ ಮತ್ತೆ ನೋಡಿ. ಮೊದಲು ಮಸುಕಾಗುತ್ತಿದ್ದ ಮಧ್ಯ ಭಾಗ ಈಗ ಎಕ್ಸ್‌ಪೋಷರ್ ಪೂರ್ತಿ ಚೂಪಾಗಿ ನಿಲ್ಲಬೇಕು. ಈ ಪರೀಕ್ಷೆಯನ್ನು ಏಪ್ರಿಲ್ ಮಧ್ಯಾಹ್ನದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಹೊರಗೆ 35 ಡಿಗ್ರಿ ದಾಟಿದಾಗ, ಕಿಟಕಿಗೆಲ್ಲ ಕಪ್ಪು ಬಟ್ಟೆ ಬಡಿದ ಕೋಣೆಯಲ್ಲಿ ಪಾಸಾದರೆ ವರ್ಷವಿಡೀ ಚಿಂತೆಯಿಲ್ಲ.

ಕೆಲಸದ ಮಧ್ಯೆ ಕರೆಂಟ್ ಹೋದರೆ ಬಲ್ಬ್ ಜೊತೆ ಫ್ಯಾನೂ ನಿಲ್ಲುತ್ತದೆ. ಹೆಡ್‌ನೊಳಗಿನ ಬಿಸಿ ಆಗ ಕೆಳಗೂ ಇಳಿಯುತ್ತದೆ. ಟಾರ್ಚ್ ಹುಡುಕುವ ಮೊದಲು ನೆಗೆಟಿವ್ ಕ್ಯಾರಿಯರ್ ಹೊರಗೆ ಎಳೆದುಬಿಡಿ. ಕತ್ತಲಲ್ಲೂ ಕೈಗೆ ಸಿಗುತ್ತದೆ ಅಲ್ವಾ. ಪೇಪರ್ ಡಬ್ಬಿ ಮುಚ್ಚಿದೆಯಾ ನೋಡಿಕೊಂಡು ಆಮೇಲೆ ಟಾರ್ಚ್ ಹಾಕಿ.

ಬಣ್ಣ ಮತ್ತೆ ಹೊಂದಿಸುವುದು

ಮೊದಲು ಮಾಡಿಟ್ಟ ಪ್ರಿಂಟ್ ಈಗ ಬೇಕು. ಅದೇ ನೆಗೆಟಿವ್, ಅದೇ ಅಂಕಿ, ಅದೇ ಸೆಕೆಂಡ್. ಮೂರನೇ ಡಯಲ್ ಸಯಾನ್ ಸೊನ್ನೆಯಲ್ಲೇ ಇರಲಿ. ಆರ್‌ಎ-4 (ಕಲರ್ ಪೇಪರ್ ತೊಳೆಯುವ ರಾಸಾಯನಿಕ ವಿಧಾನ) ಪ್ರಿಂಟ್ ಒದ್ದೆ ಇದ್ದಾಗ ಬಣ್ಣ ಬೇರೆಯೇ ಕಾಣುತ್ತದೆ, ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನೆಗೆಟಿವ್‌ನಿಂದ ಪ್ರಿಂಟ್ ಮಾಡುವಾಗ ನಿಯಮ ಸುಲಭ: ಪ್ರಿಂಟ್‌ನಲ್ಲಿ ಯಾವ ಬಣ್ಣ ಜಾಸ್ತಿ ಇದೆಯೋ ಅದೇ ಬಣ್ಣದ ಫಿಲ್ಟರ್ ಹೆಚ್ಚಿಸಬೇಕು. ಹೊಸ ಗಾಜು ಹಳೇದಕ್ಕಿಂತ ಹಸಿರಾಗಿದ್ದರೆ ಪೇಪರ್ ಮೇಲೆ ಹಸಿರು ಬೆಳಕು ಜಾಸ್ತಿ ಬಿದ್ದು ಪ್ರಿಂಟ್ ಮೆಜೆಂಟಾ ಕಡೆ ವಾಲುತ್ತದೆ. ಮೆಜೆಂಟಾ ಡಯಲ್ 5 ಅಂಕಿ ಏರಿಸಿ ಇನ್ನೊಂದು ಸಣ್ಣ ತುಂಡು ಮಾಡಿ. ಕೆಜಿ ತೆಗೆದು ಹಾಟ್ ಮಿರರ್ ಹಾಕಿದ್ದರೆ ಉಲ್ಟಾ, ಪ್ರಿಂಟ್ ಹಸಿರಾಗಬಹುದು, ಮೆಜೆಂಟಾ ಇಳಿಸಿ. ಹಳದಿ ಜಾಸ್ತಿ ಕಂಡರೆ ಯೆಲ್ಲೋ ಏರಿಸಿ, ನೀಲಿ ಕಂಡರೆ ಇಳಿಸಿ. ಒಂದು ಸಲಕ್ಕೆ ಒಂದೇ ಡಯಲ್ ತಿರುಗಿಸಿ. ಬೇರೆಯವರ ಅಂಕಿ ನಕಲು ಮಾಡಬೇಡಿ, ಡರ್ಸ್ಟ್ ಡಯಲ್‌ನ 50 ಬೇರೆ ಕಂಪನಿಯ 50ಕ್ಕೆ ಸಮ ಅಲ್ಲ. ಮನೆಯ ವೋಲ್ಟೇಜ್ ಏರಿಳಿಯುತ್ತಿದ್ದರೆ ಬಲ್ಬಿನ ಬಣ್ಣವೂ ಬದಲಾಗುತ್ತದೆ, ಒಂದು ಒಳ್ಳೇ ಸ್ಟೆಬಿಲೈಸರ್ ಇಲ್ಲದೆ ಈ ಹೊಂದಾಣಿಕೆ ನಿಲ್ಲುವುದಿಲ್ಲ.

ಬರೀ ಬ್ಲ್ಯಾಕ್ ಆಂಡ್ ವೈಟ್ ಮಾಡುವವರಿಗೆ ಇಷ್ಟು ಕೆಲಸವಿಲ್ಲ. ಮಲ್ಟಿಗ್ರೇಡ್ ಪೇಪರ್‌ನಲ್ಲಿ (ಬೆಳಕಿನ ಬಣ್ಣ ಬದಲಿಸಿ ಕಾಂಟ್ರಾಸ್ಟ್ ಹೊಂದಿಸುವ ಪೇಪರ್) ಕಾಂಟ್ರಾಸ್ಟ್ ಹೆಚ್ಚು ಬದಲಾಗುವುದಿಲ್ಲ, ಒಂದು ಟೆಸ್ಟ್ ಸ್ಟ್ರಿಪ್ (ಬೇರೆ ಬೇರೆ ಸೆಕೆಂಡ್ ಕೊಟ್ಟ ಪರೀಕ್ಷೆ ತುಂಡು) ಮಾಡಿ ಸೆಕೆಂಡ್ ಸರಿಮಾಡಿಕೊಂಡರೆ ಆಯಿತು. ಹ್ಯಾಲೋಜನ್ ತೆಗೆದು ಎಲ್‌ಇಡಿ ಹಾಕಿದರೆ ಹೀಟ್ ಫಿಲ್ಟರ್ ಗೋಜೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ಬ್ಲ್ಯಾಕ್ ಆಂಡ್ ವೈಟ್‌ಗೆ ಅದು ನಡೆಯುತ್ತದೆ. ಕಲರ್‌ಗೆ ಹಾಗಲ್ಲ, ಬಿಳಿ ಎಲ್‌ಇಡಿಯಲ್ಲಿ ಬಣ್ಣಗಳ ಹಂಚಿಕೆಯೇ ಬೇರೆ. ಕಲರ್ ಮಾಡುವವರು ಹ್ಯಾಲೋಜನ್ನೇ ಇಟ್ಟುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಎಲ್ಲ ಸರಿಹೋದ ಮೇಲೆ ಒಂದು ಚೀಟಿಯಲ್ಲಿ ಗಾಜಿನ ಜಾತಿ, ಅಳತೆ, ದಪ್ಪ, ಲೇಪ ಯಾವ ಕಡೆ, ಬಲ್ಬಿನ ವೋಲ್ಟ್ ಮತ್ತು ವ್ಯಾಟ್, ಬದಲಿಸಿದ ತಾರೀಖು, ಹೊಸ ಫಿಲ್ಟರ್ ಅಂಕಿ ಬರೆದು ಟ್ರಾನ್ಸ್‌ಫಾರ್ಮರ್ ಡಬ್ಬಿಯ ಹೊರಗೆ ಅಂಟಿಸಿ. ಬಿಸಿಯಾಗುವ ಹೆಡ್ ಮುಚ್ಚಳದೊಳಗೆ ಬೇಡ. ಸಿಕ್ಕಾಗ ಅದೇ ಅಳತೆಯ ಇನ್ನೊಂದು ಗಾಜು ತೆಗೆದು, ಬಟರ್ ಪೇಪರ್‌ನಲ್ಲಿ ಸುತ್ತಿ ಇಟ್ಟುಕೊಂಡಿರಿ.